40 ಜನ ಬಳಸುವ ಗೋದಾಮಿನ ಸಾಫ್ಟ್‌ವೇರ್‌ಗೆ ಮೈಕ್ರೊಸರ್ವೀಸ್ ಬೇಕಾ?

ಹುಬ್ಬಳ್ಳಿ ಪೈಪು:
ನಮಸ್ಕಾರ. ನಾನು ಪೈಪು, ಪಂಪು ಮಾರುವ ಡಿಸ್ಟ್ರಿಬ್ಯೂಟರ್ ಹತ್ತಿರ ಕೆಲಸ ಮಾಡುತ್ತೇನೆ. ಹುಬ್ಬಳ್ಳಿ, ಗದಗ ಎರಡೂ ಕಡೆ ಗೋದಾಮು ಇದೆ. ಲೆಕ್ಕ ಟ್ಯಾಲಿ ಅನ್ನುವ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿದೆ, ಅದನ್ನು ಮುಟ್ಟಬೇಡಿ ಅಂತ ಅಕೌಂಟೆಂಟ್ ಹೇಳಿದ್ದಾರೆ. ಆರ್ಡರ್, ಸ್ಟಾಕ್, ಗೇಟ್ ಪಾಸ್, ರೇಟ್ ಇಳಿಸೋಕೆ ಯಜಮಾನರ ಒಪ್ಪಿಗೆ, ಇವೆಲ್ಲ ಎಕ್ಸೆಲ್ ಮತ್ತು ವಾಟ್ಸಾಪ್‌ನಲ್ಲಿ ನಡೆಯುತ್ತಿದೆ. ಹೋದ ತಿಂಗಳು ಉಳಿದಿದ್ದ ಒಂದೇ ಪಂಪನ್ನು ಇಬ್ಬರು ಸೇಲ್ಸ್ ಹುಡುಗರು ಇಬ್ಬರು ಗಿರಾಕಿಗಳಿಗೆ ಒಪ್ಪಿಕೊಂಡರು. ಊರಿಂದ ಗಾಡಿ ಮಾಡಿಕೊಂಡು ಬಂದ ರೈತರೊಬ್ಬರು ಬರಿಗೈಲಿ ವಾಪಸ್ ಹೋದರು, ನನಗೆ ತುಂಬಾ ಬೇಜಾರಾಯಿತು.

ಬಳಸುವವರು 40 ಜನ, ಬರೆಯುವವನು ನಾನೊಬ್ಬನೇ. ಪೈಥಾನ್ ಬರುತ್ತದೆ. ಬೆಂಗಳೂರಿನ ಗೆಳೆಯ ಮೈಕ್ರೊಸರ್ವೀಸ್ (ಒಂದೇ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಬಿಡಿ ಪ್ರೋಗ್ರಾಂಗಳಾಗಿ ಒಡೆಯುವುದು), ಕುಬರ್ನೆಟೀಸ್ (ಅವನ್ನೆಲ್ಲ ಸರ್ವರ್‌ಗಳ ಮೇಲೆ ನಡೆಸುವ ವ್ಯವಸ್ಥೆ), ರಿಯಾಕ್ಟ್ (ಬ್ರೌಸರ್‌ನಲ್ಲಿ ಪರದೆ ಕಟ್ಟುವ ಸಾಧನ) ಅನ್ನುತ್ತಾನೆ. ಇನ್ನೊಬ್ಬರು ಮೈಕ್ರೊಸಾಫ್ಟ್ ಆಕ್ಸೆಸ್ (ಒಂದೇ ಫೈಲಿನಲ್ಲಿ ಇರುವ ಡೇಟಾಬೇಸ್) ಸಾಕು ಅನ್ನುತ್ತಾರೆ. ಯಾವುದು ಸರಿ?

ಹಳೇ ಕೋಡು:
ಎರಡೂ ಬೇಡ. ಆಕ್ಸೆಸ್ ಫೈಲಿಗೆ 2 ಜಿಬಿ ಮಿತಿ ಇದೆ, ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಎರಡು ಊರಿಂದ ಇಂಟರ್ನೆಟ್ ಮೇಲೆ ಒಂದೇ ಫೈಲ್ ತೆರೆದರೆ ಅದು ಕೆಡುವ ಅಪಾಯ ಇದೆ. ಒಂದೇ ಜಾಂಗೊ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು) ಅಪ್ಲಿಕೇಶನ್, ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್, ಒಂದು ಸರ್ವರ್. 40 ಜನಕ್ಕೆ ಧಾರಾಳ ಸಾಕು.

ನಿಮ್ಮ ಪಂಪಿನ ಕಥೆಯನ್ನೇ ತಗೊಳ್ಳಿ. ಆರ್ಡರ್ ಮತ್ತು ಸ್ಟಾಕ್ ಒಂದೇ ಡೇಟಾಬೇಸ್‌ನಲ್ಲಿ ಇದ್ದರೆ, ಒಂದು ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಅನ್ನುವ ಕೆಲಸಗಳ ಗುಂಪು) ಒಳಗೆ ಟೇಬಲ್‌ನಲ್ಲಿ ಆ ಐಟಂನ ಸಾಲನ್ನು 'ಸೆಲೆಕ್ಟ್ ಫಾರ್ ಅಪ್‌ಡೇಟ್' ಹಾಕಿ ಲಾಕ್ ಮಾಡುತ್ತೀರಿ, ಎಷ್ಟಿದೆ ನೋಡುತ್ತೀರಿ, ಆರ್ಡರಿಗೆ ಹಿಡಿದಿಡುತ್ತೀರಿ. ಎರಡನೇ ಹುಡುಗ ಅಷ್ಟು ಹೊತ್ತು ಕಾಯುತ್ತಾನೆ, ಆಮೇಲೆ ಅವನಿಗೆ ಸೊನ್ನೆ ಕಾಣುತ್ತದೆ. ಅಷ್ಟೇ. ಅದೇ ಎರಡನ್ನೂ ಬೇರೆ ಬೇರೆ ಸರ್ವೀಸ್ ಮಾಡಿ, ಬೇರೆ ಬೇರೆ ಡೇಟಾಬೇಸ್ ಕೊಟ್ಟರೆ ಈ ಸೌಕರ್ಯ ಕೈಬಿಟ್ಟು ಹೋಗುತ್ತದೆ. ಆರ್ಡರ್ ಹೋಯಿತು, ಸ್ಟಾಕ್ ಇಳಿಯಲಿಲ್ಲ, ನಡುವೆ ನೆಟ್‌ವರ್ಕ್ ಬಿತ್ತು, ಇದನ್ನೆಲ್ಲ ನೀವೇ ಕೈಯಾರೆ ಸರಿಮಾಡಬೇಕು. ಬೇರೆ ಬೇರೆ ತಂಡಗಳು ತಮ್ಮ ಪಾಡಿಗೆ ಕೆಲಸ ಮಾಡಲಿ ಅಂತ ಮೈಕ್ರೊಸರ್ವೀಸ್ ಮಾಡುತ್ತಾರೆ. ನಿಮ್ಮಲ್ಲಿ ಇರೋದು ಒಬ್ಬರೇ ಅಲ್ವಾ? ಅಮೆಜಾನ್ ಪ್ರೈಮ್ ವಿಡಿಯೊದ ಒಂದು ತಂಡ ಕೂಡ ವಿಡಿಯೊ ಗುಣಮಟ್ಟ ನೋಡುವ ತನ್ನ ವ್ಯವಸ್ಥೆಯನ್ನು ಬಿಡಿ ಭಾಗಗಳಿಂದ ಒಂದೇ ಅಪ್ಲಿಕೇಶನ್‌ಗೆ ತಂದು ಖರ್ಚು 90% ಇಳಿಯಿತು ಅಂತ 2023ರಲ್ಲಿ ಬರೆದಿತ್ತು.

ರಿಯಾಕ್ಟ್ ಈಗ ಬೇಡ. ಸರ್ವರ್‌ನಿಂದಲೇ ಪುಟ ಕಳಿಸಿ. ಆಫೀಸಿನ ಮೂರ್ನಾಲ್ಕು ಜನಕ್ಕೆ ಜಾಂಗೊ ಜತೆಗೇ ಬರುವ ಅಡ್ಮಿನ್ ಪುಟಗಳು ಸಾಕು, ಗೋದಾಮಿನವರಿಗೆ ಮಾತ್ರ ಫೋನಿನಲ್ಲಿ ದೊಡ್ಡ ಬಟನ್ ಇರುವ ನಾಲ್ಕು ಪುಟ ಮಾಡಿ.

ಮಲೆನಾಡಿನ ಮಳೆ:
ಬರೆಯುವ ಮೊದಲು ಇಆರ್‌ಪಿನೆಕ್ಸ್ಟ್ ಅನ್ನುವ ಸಿದ್ಧ ವ್ಯಾಪಾರ ಸಾಫ್ಟ್‌ವೇರ್ ಒಂದು ವಾರ ಹಾಕಿ ನೋಡಿ. ನಮ್ಮ ದೇಶದಲ್ಲೇ ಶುರುವಾದ ಓಪನ್ ಸೋರ್ಸ್, ಅದೂ ಪೈಥಾನೇ. ಸ್ಟಾಕ್, ಒಪ್ಪಿಗೆ ಎಲ್ಲ ಅದರಲ್ಲಿದೆ.

ಹಳೇ ಕೋಡು:
ಒಪ್ಪುತ್ತೇನೆ, ನೋಡಲೇಬೇಕು. ಆದರೆ ಟ್ಯಾಲಿ ಬಿಡಲ್ಲ ಅಂತಿದ್ದಾರಲ್ಲ, ಆಗ ಅದರ ಅರ್ಧ ಭಾಗ ಸುಮ್ನೆ ಕೂತಿರುತ್ತದೆ.

ಲೆಕ್ಕದ ಅಕ್ಕ:
ನಾನು ಅಕೌಂಟ್ಸ್ ಕಡೆಯವಳು. ಟ್ಯಾಲಿ ಹಾಗೇ ಇರಲಿ, ಅದು ಬೇರೆ ಸಾಫ್ಟ್‌ವೇರ್ ಕಳಿಸುವ ಮಾಹಿತಿಯನ್ನು ಎಕ್ಸ್‌ಎಂಎಲ್ ರೂಪದಲ್ಲಿ ತಗೊಳ್ಳುತ್ತದೆ, ಸಾಮಾನ್ಯವಾಗಿ ಪೋರ್ಟ್ 9000. ದಿನಕ್ಕೊಮ್ಮೆ ವೋಚರ್ (ವ್ಯವಹಾರದ ನಮೂದು) ಕಳಿಸಿದರೆ ಸಾಕು. ಬಿಲ್ ನಂಬರ್ ನೀವು ಕೊಡುವುದಾದರೆ 16 ಅಕ್ಷರ ದಾಟಬಾರದು, ಒಂದು ಹಣಕಾಸು ವರ್ಷದಲ್ಲಿ ಒಂದೇ ನಂಬರ್ ಎರಡು ಸಲ ಬರಬಾರದು, ಜಿಎಸ್‌ಟಿ ನಿಯಮ ಅದು. ದುಡ್ಡಿಗೆ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ) ಬೇಡ, ನಿಖರವಾಗಿ ಇಡುವ ಡೆಸಿಮಲ್ ಬಳಸಿ. ಪೈಸೆ ವ್ಯತ್ಯಾಸ ಹುಡುಕುತ್ತಾ ರಾತ್ರಿ ಕೂತವರು ನಾವು.

ಇನ್ನೊಂದು ಮಾತು ತಮ್ಮಾ, ಹಳೇ ಶೀಟಿನಲ್ಲಿ ಪಾರ್ಟಿ ಹೆಸರು ನುಡಿ ಫಾಂಟಿನಲ್ಲಿ ಇದೆಯಾ ಮೊದಲು ನೋಡು. ಯುನಿಕೋಡ್ ಅಲ್ಲದ ನುಡಿ ಆಗಿದ್ದರೆ ಡೇಟಾಬೇಸ್‌ಗೆ ಹಾಕಿದ ಮೇಲೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ, ಹುಡುಕಿದರೆ ಸಿಗಲ್ಲ. ನಮ್ಮಲ್ಲಿ ಆಪ್ ಮಾಡಿದ್ದಕ್ಕಿಂತ ಇದನ್ನು ಬದಲಿಸಿದ್ದೇ ಜಾಸ್ತಿ ದಿನ ಹಿಡಿಯಿತು.

ಹುಬ್ಬಳ್ಳಿ ಪೈಪು:
ಅಕ್ಕಾ, ಈಗ ತೆರೆದು ನೋಡಿದೆ. ಗದಗಿನ ಶೀಟು ಪೂರ್ತಿ ನುಡಿಯಲ್ಲೇ ಇದೆ, ಹುಬ್ಬಳ್ಳಿಯದು ಇಂಗ್ಲಿಷ್. ಒಂದೇ ಪಾರ್ಟಿ ಎರಡೂ ಕಡೆ ಬೇರೆ ಬೇರೆ ಹೆಸರಲ್ಲಿದೆ. ಜಿಎಸ್‌ಟಿ ನಂಬರ್ ಇಟ್ಟುಕೊಂಡು ಜೋಡಿಸಬಹುದಾ?

ಲೆಕ್ಕದ ಅಕ್ಕ:
ನಂಬರ್ ಇದ್ದವರಿಗೆ ಆಗುತ್ತದೆ. ರೈತರಿಗೆ, ಸಣ್ಣ ಅಂಗಡಿಗಳಿಗೆ ಇರಲ್ಲ, ಅವರಿಗೆ ಫೋನ್ ನಂಬರ್ ಹಿಡಿ. ಉಳಿದದ್ದನ್ನು ಪ್ರಿಂಟ್ ತೆಗೆದು ಗದಗಿನ ಗೋದಾಮು ನೋಡಿಕೊಳ್ಳುವವರ ಮುಂದೆ ಇಡು, ಅವರಿಗೆ ಎಲ್ಲರ ಮುಖವೂ ಗೊತ್ತಿರುತ್ತದೆ.