ಬೊಡ್ಡೆ ತೆಗೆಯಲು ಸ್ಟಂಪ್ ಗ್ರೈಂಡರ್: ಚಿಕ್ಕದು ಸಾಕೇ, ದೊಡ್ಡದೇ ಬೇಕೇ?

ಪ್ರಶ್ನೆ (ಮೈಸೂರಿನ ಸದಸ್ಯರು): ಸರ್, ಕೊಂಬೆ ಸವರುವುದು, ಒಣಮರ ಇಳಿಸುವುದು ನಮ್ಮ ಕೆಲಸ. ನಾನು, ಇಬ್ಬರು ಹುಡುಗರು, ಎರಡು ಚೈನ್‌ಸಾ, ಒಂದು ಪಿಕಪ್. ಮರ ಇಳಿಸಿದ ಮೇಲೆ ಮನೆಯವರು ಬೊಡ್ಡೆಯನ್ನೂ ತೆಗೆದುಕೊಡಿ ಎನ್ನುತ್ತಾರೆ. ಹಾರೆ, ಗುದ್ದಲಿ, ಕೊಡಲಿ ಹಿಡಿದು ಕುಳಿತರೆ ಒಂದು ಗುಲ್‌ಮೊಹರ್ ಬೊಡ್ಡೆಗೆ ಇಡೀ ದಿನ ಹೋಗುತ್ತದೆ. ಹಲ್ಲಿನ ಚಕ್ರ ತಿರುಗಿಸಿ ಬೊಡ್ಡೆಯನ್ನು ಚಕ್ಕೆಯಾಗಿ ಕೊರೆದು ತೆಗೆಯುವ ಸ್ಟಂಪ್ ಗ್ರೈಂಡರ್ ಕೊಳ್ಳೋಣವೆಂದಿದ್ದೇನೆ. 15 ಅಶ್ವಶಕ್ತಿಯ ತಳ್ಳುವ ಗ್ರೈಂಡರ್ ಸಾಕೇ, ಅಥವಾ ಸಾಲ ಮಾಡಿಯಾದರೂ 30ರ ಮೇಲಿನ, ತಾನೇ ಚಲಿಸುವ ಯಂತ್ರ ಕೊಳ್ಳಬೇಕೇ?

ಉತ್ತರ: ಅಶ್ವಶಕ್ತಿಯ ಮಾತು ಆಮೇಲಿರಲಿ, ಮೊದಲು ನಿಮ್ಮ ಗಿರಾಕಿಗಳ ಮನೆಯ ಗೇಟಿನ ಅಗಲ ಅಳೆಯಿರಿ. ನಮ್ಮ ಊರುಗಳಲ್ಲಿ ಈ ಯಂತ್ರಕ್ಕೆ ಎದುರಾಳಿ ಜೆಸಿಬಿ. ಖಾಲಿ ನಿವೇಶನ, ತೋಟ, ಹೊಸ ಬಡಾವಣೆ, ಹೀಗೆ ಜೆಸಿಬಿ ನುಗ್ಗುವ ಕಡೆಯೆಲ್ಲ ಅದು ಬೊಡ್ಡೆಯನ್ನು ಬೇರುಸಹಿತ ಕಿತ್ತು ಹಾಕುತ್ತದೆ, ಬಾಡಿಗೆಯೂ ಗಂಟೆ ಲೆಕ್ಕದ್ದು. ಅಲ್ಲಿ ನಿಮ್ಮ ದರ ನಿಲ್ಲುವುದಿಲ್ಲ. ನಿಮಗೆ ದುಡ್ಡು ಹುಟ್ಟುವುದು ಹಿತ್ತಿಲಿನಲ್ಲಿ, ಕಾಂಪೌಂಡ್ ಗೋಡೆಗೆ ಒತ್ತಿಕೊಂಡ ಬೊಡ್ಡೆಯಲ್ಲಿ, ನೀರಿನ ಸಂಪಿನ ಪಕ್ಕದಲ್ಲಿ. ಅಲ್ಲಿಗೆ ಹೋಗುವ ಓಣಿ ಮೂರಡಿಗಿಂತ ಕಿರಿದಾಗಿದ್ದರೆ, ಸಾಲ ಮಾಡಿ ತಂದ ದೊಡ್ಡ ಯಂತ್ರ ಬೀದಿಯಲ್ಲೇ ನಿಂತಿರುತ್ತದೆ.

ಚಿಕ್ಕದನ್ನೇ ಕೊಳ್ಳಿ. ಆದರೆ ಅದರ ಮಿತಿ ತಿಳಿದಿರಲಿ. ಒಂದು, ಒಂದೂವರೆ ಅಡಿ ಅಡ್ಡಳತೆಯ ಬೊಡ್ಡೆ ಸಲೀಸು. ಎರಡಡಿಗೆ ತಾಳ್ಮೆ ಬೇಕು. ಮಳೆಮರದ ನಾಲ್ಕಡಿ ಬೊಡ್ಡೆಯನ್ನು ಒಪ್ಪಿಕೊಳ್ಳಲೇಬೇಡಿ. ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಗಾಲಿಯನ್ನು ಬಿಗಿದು, ಅದರ ಸುತ್ತ ಇಡೀ ಯಂತ್ರವನ್ನು ಎಡಕ್ಕೂ ಬಲಕ್ಕೂ ತೂಗುತ್ತಾ ಪದರ ಪದರವಾಗಿ ಇಳಿಸಬೇಕು. ಯಂತ್ರದ ತೂಕ ನೂರು ಕಿಲೋ ದಾಟುತ್ತದೆ, ಸಂಜೆಗೆ ಸೊಂಟ ಅದನ್ನು ನೆನಪಿಸುತ್ತದೆ. ಹುಡುಗರು ಸರದಿಯಲ್ಲಿ ಹಿಡಿಯಲಿ.

ಅಂಗಡಿಯಲ್ಲಿ ಎಂಜಿನ್ನಿಗಿಂತ ಹೆಚ್ಚಾಗಿ ಹಲ್ಲುಗಳ ಬಗ್ಗೆ ಕೇಳಿ. ಕೊರೆಯುವ ಚಕ್ರದ ಹಲ್ಲುಗಳಿಗೆ ಟಂಗ್‌ಸ್ಟನ್ ಕಾರ್ಬೈಡ್ ತುದಿ ಇರುತ್ತದೆ. ಅವು ಹರಿತವಾಗಿದ್ದರೆ ಮರ ಚಕ್ಕೆ ಚಕ್ಕೆಯಾಗಿ ಹಾರುತ್ತದೆ. ಮೊಂಡಾದರೆ ನುಣ್ಣನೆಯ ಹುಡಿ ಬೀಳುತ್ತದೆ, ಸುಟ್ಟ ವಾಸನೆ ಬರುತ್ತದೆ, ಬೆಲ್ಟ್ ಕಿರುಗುಟ್ಟುತ್ತದೆ. ಗಟ್ಟಿಮರಕ್ಕಿಂತ ಹೆಚ್ಚಾಗಿ ಹಲ್ಲನ್ನು ಮುರಿಯುವುದು ಕಲ್ಲು, ಯಾವ ಕಾಲದಲ್ಲೋ ಬೋರ್ಡು ತಗುಲಿಸಲು ಹೊಡೆದ ಮೊಳೆ, ಬಟ್ಟೆ ಒಣಹಾಕಲು ಕಟ್ಟಿ ಮರೆತ ತಂತಿ. ಸುತ್ತಲಿನ ಮಣ್ಣನ್ನು ಸಲಿಕೆಯಿಂದ ಬಿಡಿಸಿ, ಬೊಡ್ಡೆಯನ್ನು ನೆಲಮಟ್ಟಕ್ಕೆ ಕೊಯ್ದು, ಆಮೇಲೆ ಯಂತ್ರ ಹಚ್ಚಿ. ಬಿಡಿ ಹಲ್ಲು, ಅದರ ಬೋಲ್ಟು, ಬೆಲ್ಟ್ ತಕ್ಷಣ ಸಿಗುವುದಿಲ್ಲವೆನ್ನುವ ಅಂಗಡಿಯಲ್ಲಿ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಪ್ರಶ್ನೆ (ಅವರೇ): ದರ ಹೇಗೆ ಹೇಳುವುದು ಸರ್?

ಉತ್ತರ: ಅಡ್ಡಳತೆಯ ಇಂಚಿಗೆ ಇಷ್ಟು ಎಂದು. ಆದರೆ ಕೊಯ್ದ ಮುಖದಲ್ಲಿ ಅಳೆಯಬೇಡಿ, ಬೇರು ಹರಡಿಕೊಳ್ಳುವ ನೆಲಮಟ್ಟದಲ್ಲಿ ಅಳೆಯಿರಿ. ಮೇಲೆ ಒಂದೂವರೆ ಅಡಿ ಕಾಣುವ ಬೊಡ್ಡೆ ಕೆಳಗೆ ಎರಡೂವರೆ ಇರುತ್ತದೆ. ಎಷ್ಟು ಆಳಕ್ಕೆ ಎಂಬುದನ್ನೂ ಮೊದಲೇ ಮಾತಾಡಿ: ಹುಲ್ಲು ಹಾಕುವವರಿಗೆ ಅರ್ಧ ಅಡಿ ಸಾಕು, ಟೈಲ್ಸ್ ಹಾಸುವವರಿಗೆ ಸಾಲದು. ಚಕ್ಕೆ ಸಾಗಿಸುವ ಕೂಲಿ ಬೇರೆ. ಪೂರ್ತಿ ಹೊರೆಯಲ್ಲಿ ಎಂಜಿನ್ ಗಂಟೆಗೆ ಮೂರು ನಾಲ್ಕು ಲೀಟರ್ ಪೆಟ್ರೋಲ್ ಕುಡಿಯುತ್ತದೆ, ಅದನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ (ತಿಪಟೂರಿನ ಸದಸ್ಯೆ): ನಮ್ಮ ತೋಟದಲ್ಲಿ ಅಣಬೆ ರೋಗ ಬಂದು ಸತ್ತ ತೆಂಗಿನ ಬೊಡ್ಡೆಗಳಿವೆ. ಇವರಂಥವರನ್ನು ಕರೆಸಬಹುದೇ?

ಉತ್ತರ: ಬೇಡ ಮೇಡಂ. ತೆಂಗು ಚಕ್ಕೆಯಾಗುವುದಕ್ಕಿಂತ ನಾರಾಗುತ್ತದೆ, ಆ ನಾರು ಚಕ್ರದ ದಂಡಕ್ಕೂ ಬೇರಿಂಗಿಗೂ ಸುತ್ತಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ರೋಗದ ಶಿಲೀಂಧ್ರ ಬೊಡ್ಡೆ, ಬೇರುಗಳಲ್ಲೇ ಉಳಿದಿರುತ್ತದೆ. ಅರೆದು ಹರಡಿದರೆ ಪಕ್ಕದ ಮರಗಳಿಗೆ ದಾರಿ ಮಾಡಿಕೊಟ್ಟ ಹಾಗೆ. ಜೆಸಿಬಿ ತರಿಸಿ ಬೇರುಸಮೇತ ತೆಗೆಸಿ, ಸುಟ್ಟುಬಿಡಿ. ರೋಗವಿಲ್ಲದ ತೆಂಗಿನ ಬೊಡ್ಡೆಯನ್ನೂ ಕೊಳೆಯಲು ಬಿಡಬೇಡಿ, ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಅದರಲ್ಲೇ ಮೊಟ್ಟೆಯಿಡುತ್ತದೆ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ಫುಟ್‌ಪಾತಿನ ಬೊಡ್ಡೆ ತೆಗೆಯಲು ಅಂಗಡಿಯವರೊಬ್ಬರು ಕರೆಯುತ್ತಿದ್ದಾರೆ. ಹೋಗಬಹುದೇ?

ಉತ್ತರ: ಆ ಜಾಗ ಅಂಗಡಿಯವರದ್ದಲ್ಲ, ಪಾಲಿಕೆಯದು. ಲಿಖಿತ ಅನುಮತಿ ಕೈಗೆ ಬರುವವರೆಗೆ ಹೋಗಬೇಡಿ. ಮರ ಕಡಿದದ್ದೇ ಅನುಮತಿಯಿಲ್ಲದೆ ಆಗಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ತಕರಾರಿನಲ್ಲಿ ನೀವೂ ಸಿಕ್ಕಿಕೊಳ್ಳುತ್ತೀರಿ. ಅನುಮತಿ ಸಿಕ್ಕಿದರೂ ನಗರದ ಫುಟ್‌ಪಾತಿನ ಕೆಳಗೆ ವಿದ್ಯುತ್ ಕೇಬಲ್, ನೀರಿನ ಪೈಪು, ಕೆಲವೆಡೆ ಅಡುಗೆ ಅನಿಲದ ಕೊಳವೆಯೂ ಇರುತ್ತದೆ. ಆಯಾ ಇಲಾಖೆಯವರು ಬಂದು ಗುರುತು ಹಾಕಿಕೊಡಲಿ. ಚಕ್ರಕ್ಕೆ ಸಿಕ್ಕಿದ ಕಲ್ಲು ಗುಂಡಿನಂತೆ ಹಾರುತ್ತದೆ. ಮುಖಕ್ಕೆ ಕವಚ, ಕಾಲಿಗೆ ಬೂಟು, ಸುತ್ತ ಪ್ಲೈವುಡ್ ಹಲಗೆ ನಿಲ್ಲಿಸಿ, ಪಕ್ಕದ ಕಾರುಗಳನ್ನು ತೆಗೆಸಿದ ಮೇಲೆಯೇ ಎಂಜಿನ್ ಚಾಲೂ ಮಾಡಿ.