ಇಲ್ಲೇ ಹತ್ತಿರ

"ಬೋರ್ಡಿಗೆ ಇದೇ ಸಾಕಲ್ಲ ಮೇಷ್ಟ್ರೇ?" ಹೋಟೆಲ್ಲಲ್ಲಿ ಕೂತು ಚಂಗಪ್ಪ ಓದಿದ. "ಕಕ್ಕಬ್ಬೆ ಹೋಂಸ್ಟೇ. ಮಡಿಕೇರಿ ಕೋಟೆ, ತಲಕಾವೇರಿ, ನಾಲ್ಕುನಾಡು ಅರಮನೆ, ಬೈಲುಕುಪ್ಪೆ, ಎಲ್ಲ ಇಲ್ಲೇ ಹತ್ತಿರ."

"ಯಾರಿಗೆ ಹತ್ತಿರ? ಹನುಮಂತನಿಗಾ?"

"ಫೋನಿನ ಮ್ಯಾಪಲ್ಲಿ ಮಡಿಕೇರಿ ಎರಡೇ ಬೆರಳು ಮೇಷ್ಟ್ರೇ."

"ಆ ಎರಡು ಬೆರಳಲ್ಲಿ ಎಷ್ಟು ತಿರುವು ಅಂತ ನನ್ನ ಜೀಪಿನ ಕ್ಲಚ್ಚನ್ನ ಕೇಳಿ ಚಂಗಪ್ಪಣ್ಣ," ಅಂದ ಹಮೀದ್. "ಹತ್ತಿರ ಹತ್ತಿರ 40 ಕಿ.ಮೀ. ಮಂಜು ಬಿದ್ರೆ ಎರಡು ಗಂಟೆ."

"ಅದೊಂದೇ 'ಹತ್ತಿರ' ನಿಜ," ಅಂದರು ಮೇಷ್ಟ್ರು. "ಕೋಟೆ, ಓಂಕಾರೇಶ್ವರ, ರಾಜಾಸೀಟು ನೋಡೋವ್ರು ಮಡಿಕೇರಿ ಪೇಟೆಯಲ್ಲೇ ಉಳೀಲಿ, ನಡ್ಕೊಂಡೇ ಮುಗೀತದೆ. ರಾಜರ ಸಮಾಧಿ ಇರೋ ಗದ್ದಿಗೆಗೆ ಬೇಕಾದ್ರೆ ಆಟೋ. ನೀನು ಅರಮನೆ, ಪಾಡಿ ಇಗ್ಗುತ್ತಪ್ಪ ದೇವಸ್ಥಾನ, ತಡಿಯಂಡಮೋಳ್ ಬೆಟ್ಟ, ಇಷ್ಟೇ ಬರಿ. ತಲಕಾವೇರಿಗೆ ಬೇರೆ ದಿನ ಇಡ್ಬೇಕು. ಭಾಗಮಂಡಲ ಮುಟ್ಟಿದ ಮೇಲೂ 8 ಕಿ.ಮೀ. ಏರು ಉಂಟು."

"ಅಷ್ಟಕ್ಕೇ ಯಾರು ಬರ್ತಾರೆ?"

"ಈಗ ಬರೋವ್ರು ಏನು ಮಾಡ್ತಾರೆ? ಐದು ಊರಿನ ಪಾರ್ಕಿಂಗ್ ನೋಡಿ ರಾತ್ರಿ ಒಂಬತ್ತಕ್ಕೆ ಬಂದು ಪಂದಿ ಕರಿ ಕೇಳ್ತಾರೆ."

"ಅದು ಹೌದು ಮಾರಾಯ್ರೇ! ಹಂದಿ ಮಾಂಸ ಬೇಯೋಕೇ ಒಂದೂವರೆ ಗಂಟೆ. ಕೊನೆಗೆ ಕಾಚಂಪುಳಿ ಅನ್ನೋ ಕಪ್ಪು ಹುಳಿ ಬಿದ್ದ ಮೇಲೇ ಅದಕ್ಕೆ ಕಪ್ಪು ಬಣ್ಣ. ಜೊತೆಗೆ ಕಡಂಬುಟ್ಟಿಗೆ ಅಕ್ಕಿ ತರಿ ಬೇಯಿಸಿ, ಉಂಡೆ ಕಟ್ಟಿ, ಆಮೇಲೆ ಹಬೆ. ಮಧ್ಯಾಹ್ನವೇ ಹೇಳಿಬಿಡಿ ಅಂತ ಫೋನ್ ಮಾಡಿದ್ರೆ, 'ಇಲ್ಲೇ ಹತ್ತಿರ ಇದ್ದೀವಿ ಅಂಕಲ್' ಅಂತಾರೆ!"

"ನಿನ್ನ ಬೋರ್ಡು ಓದಿಯೇ ಕಲಿತದ್ದು."

"ಮಳೆಗಾಲದಲ್ಲಿ ನಿಜಕ್ಕೂ ಹತ್ತಿರ ಇರೋದು ಜಿಗಣೆ," ಅಂದ ಹಮೀದ್. "ಅದನ್ನ ಬರೆಸಿ. ಕಿತ್ತೆಳೀಬಾರ್ದು, ಉಪ್ಪು ಮುಟ್ಟಿಸಿದ್ರೆ ತಾನೇ ಬಿಡ್ತದೆ. ಆಮೇಲೂ ರಕ್ತ ಸೋರ್ತದೆ, ಅದರ ಜೊಲ್ಲು ಹೆಪ್ಪುಗಟ್ಟೋಕೆ ಬಿಡೋದಿಲ್ಲ. ಅದು ಗೊತ್ತಿಲ್ದೆ ಎಷ್ಟು ಜನ ನನ್ನ ಜೀಪಲ್ಲೇ ಆಸ್ಪತ್ರೆಗೆ ಹೊರಟಿಲ್ಲ! ಮತ್ತೆ, ನಿಮ್ಮ ಮನೆ ಕೊನೇ ಏರಿಗೆ ಸಣ್ಣ ಕಾರಿನ ಹೊಟ್ಟೆ ತಾಗ್ತದೆ. ಕಾರು ಕೆಳಗೇ ಇರ್ಲಿ, ನಾನು ಹತ್ತಿಸ್ತೇನೆ."

"ನಿನ್ನ ಬಾಡಿಗೆಗೂ ನನ್ನ ಬೋರ್ಡಾ?" ಚಂಗಪ್ಪ ಮೇಷ್ಟ್ರ ಕಡೆ ತಿರುಗಿದ. "ಅರಮನೆ ನೋಡಿದವ್ರೂ ಗೊಣಗ್ತಾರೆ, ಇಷ್ಟು ಕಾಡೊಳಗೆ ಯಾಕೆ ಕಟ್ಟಿಸಿದ್ರು ಅಂತ."

"ಹತ್ತಿರ ಇರಬಾರ್ದು ಅಂತಲೇ! 1792ರಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು ಶತ್ರುವಿಗೆ ದಾರಿ ಸಿಗಬಾರ್ದು ಅಂತ. 1834ರಲ್ಲಿ ಚಿಕ್ಕವೀರರಾಜ ಅಡಗಿಕೊಳ್ಳೋಕೆ ಬಂದದ್ದೂ ಅಲ್ಲಿಗೇ. ಆಗ ನಿನ್ನ ಬೋರ್ಡಿದ್ದಿದ್ರೆ ಬ್ರಿಟಿಷರಿಗೆ ಒಂದು ದಿನ ಉಳೀತಿತ್ತು."

ಹೋಟೆಲ್ಲಿನವನೂ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ನಕ್ಕ. ಚಂಗಪ್ಪ ಕೋಟೆ, ತಲಕಾವೇರಿ, ಬೈಲುಕುಪ್ಪೆ ಮೂರನ್ನೂ ಹೊಡೆದುಹಾಕಿದ.

"ಎಷ್ಟು ಕೋಣೆ ಕೊಡ್ತೀಯ?"

"ಎರಡು. ಒಂದು ಅಮ್ಮ ಇದ್ದದ್ದು. ಇನ್ನೊಂದು ಮಗಂದು."

"ಅವನು ಬಂದ್ರೆ?"

"ಬೆಂಗಳೂರು ಏನು ದೂರ ಅಪ್ಪ, ಇಲ್ಲೇ ಹತ್ತಿರ, ಯಾವಾಗ ಬೇಕಾದ್ರೂ ಬರ್ತೀನಿ ಅಂತಾನೆ." ಚಂಗಪ್ಪ ಹಾಳೆ ಮಡಿಸಿದ. "ಎರಡು ಹುತ್ತರಿ ಹಬ್ಬ ಆಯ್ತು."

ಹಮೀದ್ ಇನ್ನೂ ಮೂರು ಕಾಫಿ ಹೇಳಿದ.