ಲಾಡ್ಜ್‌ನಲ್ಲಿ ಟಿಪ್ಸ್ ಯಾರಿಗೆ, ಎಷ್ಟು? ರೂಮ್ ಬಾಯ್ ಆಗಿದ್ದವನ ಅನುಭವ

ದಸರಾಕ್ಕೆ ಅಪ್ಪ ಅಮ್ಮನನ್ನು ಕರೆದುಕೊಂಡು ಮೈಸೂರಿಗೆ ಹೋಗ್ತಿದ್ದೀವಿ, ಮೂರು ದಿನ ಲಾಡ್ಜ್, ಆಮೇಲೆ ಎರಡು ದಿನ ಕೊಡಗಿನಲ್ಲಿ ಹೋಮ್‌ಸ್ಟೇ, ಟಿಪ್ಸ್ ಯಾರಿಗೆ ಎಷ್ಟು ಕೊಡಬೇಕು, ಕೊಡದಿದ್ದರೆ ತಪ್ಪಾ ಅಂತ ಕೇಳಿದ್ದೀರಿ. ನಾನು ಮೈಸೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜ್‌ನಲ್ಲಿ ನಾಲ್ಕು ವರ್ಷ ರೂಮ್ ಬಾಯ್ ಆಗಿದ್ದೆ. ಈಗ ಬೇರೆ ಕೆಲಸ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಕೊಡದಿದ್ದರೆ ತಪ್ಪೇನಿಲ್ಲ. ಕೊಡುವುದಾದರೆ ಕೆಲಸ ಮಾಡಿದವರ ಕೈಗೇ ಕೊಡಿ, ದಿನಾ ಸ್ವಲ್ಪ ಸ್ವಲ್ಪ ಕೊಡಿ. ಹೊರಡುವಾಗ ಕೌಂಟರ್‌ನಲ್ಲಿ ಐನೂರು ಇಟ್ಟು "ಎಲ್ಲರಿಗೂ ಹಂಚಿಬಿಡಿ" ಅಂದರೆ ಅದು ಎಲ್ಲರಿಗೂ ಸೇರುತ್ತದೆ ಅಂತ ಹೇಳೋಕಾಗಲ್ಲ. ನನ್ನ ವಿಷಯದಲ್ಲೇ ಆಗಿದೆ. ಒಂದು ದಸರಾದಲ್ಲಿ ಹುಬ್ಬಳ್ಳಿ ಕಡೆಯ ಕುಟುಂಬವೊಂದು ಐದು ದಿನ ಇತ್ತು. ಲಿಫ್ಟ್ ಇರಲಿಲ್ಲ, ಅಜ್ಜನಿಗೆ ಮಂಡಿ ನೋವು, ದಿನಾ ಎರಡು ಸಲ ಕೈ ಹಿಡಿದು ಹತ್ತಿಸಿ ಇಳಿಸುತ್ತಿದ್ದೆ. ಅವರು ಹೊರಡುವಾಗ ನಾನು ನೈಟ್ ಶಿಫ್ಟ್ ಮುಗಿಸಿ ಮಲಗಿದ್ದೆ. ಕೌಂಟರ್‌ನಲ್ಲಿ ನನ್ನ ಹೆಸರು ಹೇಳಿ ದುಡ್ಡು ಕೊಟ್ಟು ಹೋಗಿದ್ದರಂತೆ. ಅದು ನನಗೆ ಬರಲೇ ಇಲ್ಲ. ಕೊಟ್ಟಿದ್ದರು ಅನ್ನುವುದೇ ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಅಷ್ಟು ದಿನ ಆ ಅಜ್ಜ ನನ್ನನ್ನು ಮರೆತೇಬಿಟ್ಟರು ಅಂದುಕೊಂಡಿದ್ದೆ, ಈಗಲೂ ಅದನ್ನು ನೆನೆಸಿಕೊಂಡರೆ ಬೇಜಾರಾಗುತ್ತದೆ.

ಎಲ್ಲರೂ ಮರೆಯುವುದು ರೂಮ್ ಕ್ಲೀನ್ ಮಾಡುವ ಅಕ್ಕಂದಿರನ್ನು. ನೀವು ಅರಮನೆ ನೋಡಲು ಹೋದಾಗ ಅವರು ಬಂದು ಹೋಗಿರುತ್ತಾರೆ, ಹಾಗಾಗಿ ಮುಖವೇ ಕಾಣಲ್ಲ. ಆದರೆ ಬಾತ್‌ರೂಮ್ ತೊಳೆಯುವುದು, ಬೆಡ್‌ಶೀಟ್ ಬದಲಾಯಿಸುವುದು, ಎಲ್ಲಾ ಅವರೇ. ಒಂದು ರೂಮಿಗೆ ದಿನಕ್ಕೆ 50 ರೂಪಾಯಿ ಕೊಡಿ. ವಯಸ್ಸಾದವರು ಇದ್ದಾರೆ, ಕೆಲಸ ಜಾಸ್ತಿ ಬಿತ್ತು ಅನ್ನಿಸಿದರೆ 100. ಆದರೆ ದಿಂಬಿನ ಮೇಲೆ ಸುಮ್ನೆ ನೋಟು ಇಟ್ಟು ಹೋಗಬೇಡಿ. ನಮ್ಮಲ್ಲಿ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಗಿರಾಕಿ ಮರೆತು ಹೋಗಿದ್ದಾರೋ, ಬೇಕೂಂತ ಇಟ್ಟಿದ್ದಾರೋ ಗೊತ್ತಾಗಲ್ಲ, ತೆಗೆದುಕೊಂಡರೆ ನಾಳೆ ಕಳ್ಳತನದ ಮಾತು ಬರುತ್ತದೆ. ಎದುರಿಗೆ ಸಿಕ್ಕಾಗ ಕೈಗೆ ಕೊಡಿ, ಇಲ್ಲಾ "ಕ್ಲೀನ್ ಮಾಡುವವರಿಗೆ" ಅಂತ ಒಂದು ಚೀಟಿ ಬರೆದು ಅದರ ಜೊತೆ ಇಡಿ.

ರೂಮ್ ಬಾಯ್‌ಗೆ ಲಗೇಜ್ ತಂದಾಗ 20–30 ಸಾಕು. ಫ್ಲಾಸ್ಕ್ ಹಿಡಿದು ಎದುರು ಹೋಟೆಲಿನಿಂದ ಕಾಫಿ ತರುತ್ತಾನೆ, ಬೆಳಿಗ್ಗೆ ಬಿಸಿನೀರು ಬರದಿದ್ದರೆ ಬಕೆಟ್ ಹೊತ್ತು ತರುತ್ತಾನೆ. ಆಗ ಹತ್ತೋ ಇಪ್ಪತ್ತೋ ಕೊಟ್ಟರೆ ಖುಷಿಪಡುತ್ತಾನೆ.

ಊಟ ತಿಂಡಿಗೆ ಬಂದರೆ, ದರ್ಶಿನಿಗಳಲ್ಲಿ ನಾವೇ ಟೋಕನ್ ಕೊಟ್ಟು ತಟ್ಟೆ ತರ್ತೀವಿ, ಅಲ್ಲಿ ಟಿಪ್ಸ್ ಬೇಕಿಲ್ಲ. ಕೂತು ತಿನ್ನುವ ಮಾಮೂಲಿ ಹೋಟೆಲಿನಲ್ಲಿ ಸಪ್ಲಾಯರ್‌ಗೆ 10–20. ಫ್ಯಾಮಿಲಿ ರೆಸ್ಟೋರೆಂಟ್ ಆದರೆ ನಾನು ಬಿಲ್ಲಿನ ಶೇಕಡಾ 5 ರಿಂದ 10 ಕೊಡುತ್ತೇನೆ. ಅದಕ್ಕೆ ಮೊದಲು ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದಾರಾ ಅಂತ ನೋಡುತ್ತೇನೆ. ನಮ್ಮನ್ನು ಕೇಳದೆ ಅದನ್ನು ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ತೆಗೆಯಿರಿ ಅಂತ ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ತೆಗೆಸಿದ ಮೇಲೆ ಆ ದುಡ್ಡನ್ನು ನಾನು ಜೇಬಿಗೆ ಹಾಕಿಕೊಳ್ಳಲ್ಲ, ಬಡಿಸಿದವನಿಗೆ ಕೊಡುತ್ತೇನೆ.

ಒಬ್ಬರು "ಮಾಲೀಕರು ಸಂಬಳ ಕೊಡ್ತಾರಲ್ಲ, ನಾವ್ಯಾಕೆ ಕೊಡಬೇಕು" ಅಂದರು. ನಿಜ, ಸಂಬಳ ಕೊಡುವುದು ಮಾಲೀಕರ ಕೆಲಸವೇ. ಅಮೆರಿಕದಲ್ಲಿರುವ ನಮ್ಮವರು ಶೇಕಡಾ 18, 20 ಅನ್ನುತ್ತಾರೆ, ಅಲ್ಲಿನ ಲೆಕ್ಕವೇ ಬೇರೆ. ಟಿಪ್ಸ್ ಬರುವ ಕೆಲಸಕ್ಕೆ ಅಲ್ಲಿನ ಕೇಂದ್ರ ಕಾನೂನು ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿಯನ್ನು 1991ರಿಂದ ಗಂಟೆಗೆ 2.13 ಡಾಲರ್‌ನಲ್ಲೇ ಇಟ್ಟಿದೆ, ಅದಕ್ಕಿಂತ ಜಾಸ್ತಿ ಕೊಡಿಸುವ ರಾಜ್ಯಗಳೂ ಇವೆ. ಆ ಶೇಕಡಾವಾರು ಇಲ್ಲಿಗೆ ತರಬೇಕಿಲ್ಲ. ಆದರೆ ನಾನು ಸಂಬಳವನ್ನೆಲ್ಲಾ ಊರಿಗೆ ಕಳಿಸಿ, ಟಿಪ್ಸ್ ದುಡ್ಡಿನಲ್ಲೇ ತಿಂಗಳು ಕಳೆಯುತ್ತಿದ್ದೆ. ನನ್ನ ಜೊತೆಗಿದ್ದ ಹುಡುಗರದ್ದೂ ಅದೇ ಕಥೆ. ಹಾಗಂತ ಕೆಲಸ ಸರಿಯಾಗಿ ಮಾಡದವರಿಗೆ, ಬಾಗಿಲಲ್ಲಿ ನಿಂತು ಪೀಡಿಸುವವರಿಗೆ ಕೊಡಬೇಡಿ.

ಹೋಮ್‌ಸ್ಟೇಯಲ್ಲಿ ಸ್ವಲ್ಪ ಬೇರೆ ಥರ. ಮನೆಯವರೇ ಜೊತೆಗೆ ಕೂತು ಊಟ ಮಾಡುತ್ತಾರೆ, ಅವರ ಕೈಗೆ ಟಿಪ್ಸ್ ಇಟ್ಟರೆ ಮುಜುಗರ. ನಾನು ಹೋಗುವಾಗ ಮೈಸೂರಿನಿಂದ ಅರ್ಧ ಕೆಜಿ ಮೈಸೂರು ಪಾಕ್ ಒಯ್ದಿದ್ದೆ, ತುಂಬಾ ಖುಷಿಪಟ್ಟರು. ಅಡುಗೆಗೆ, ಕಸ ಗುಡಿಸುವುದಕ್ಕೆ ಬೇರೆಯವರು ಇದ್ದರೆ ಮನೆಯವರಿಗೆ ಒಂದು ಮಾತು ಹೇಳಿ, ಎರಡು ದಿನಕ್ಕೆ ತಲಾ ಇನ್ನೂರು ಕೊಟ್ಟು ಬನ್ನಿ.

ಇನ್ನೊಂದು ವಿಷಯ. ಈಗ ಎಲ್ಲರೂ ಫೋನ್‌ನಲ್ಲೇ ದುಡ್ಡು ಕಟ್ಟುವುದರಿಂದ ಚಿಲ್ಲರೆ ಉಳಿಯುವುದೇ ಇಲ್ಲ. ಕೌಂಟರ್‌ನ ಕ್ಯೂಆರ್‌ಗೆ ಜಾಸ್ತಿ ಹಾಕಿದರೆ ಅದು ಮಾಲೀಕರ ಖಾತೆಗೆ ಹೋಗುತ್ತದೆ, ಹುಡುಗರಿಗೆ ಸಿಗುವ ಗ್ಯಾರಂಟಿ ಇಲ್ಲ. 20ರ, 50ರ ನೋಟು ಒಂದಷ್ಟು ಊರಿಂದಲೇ ಮಾಡಿಸಿಕೊಂಡು ಹೊರಡಿ. ಆಯುಧಪೂಜೆ, ವಿಜಯದಶಮಿ ಎರಡೂ ದಿನ ಬ್ಯಾಂಕ್ ಇರಲ್ಲ, ಆ ಜನಸಂದಣಿಯಲ್ಲಿ ಐನೂರಕ್ಕೆ ಚಿಲ್ಲರೆ ಯಾರೂ ಕೊಡಲ್ಲ.